ಡಾಕ್ಟರಮ್ಮ ಕೇಳಿದ ಕೊನೆಯ ಪ್ರಶ್ನೆ

ಮನೆಯಲ್ಲಿ ಅವಳನ್ನು ಎಲ್ಲರೂ ಪೈಲಟ್ ಎಂದೇ ಕರೆಯುತ್ತಿದ್ದರು. ಹನ್ನೆರಡನೆಯ ತರಗತಿ ಮುಗಿದದ್ದೇ ತಡ, ಊಟಕ್ಕೆ ಕುಳಿತಾಗಲೆಲ್ಲ ಅವಳ ಅಪ್ಪ ಅಮ್ಮನಿಗೆ ಅದೇ ಜಗಳ.

"ವಿಶ್ವವಿದ್ಯಾಲಯದ ವಿಮಾನಯಾನ ಪದವಿಗೇ ಸೇರ್ಲಿ," ಎನ್ನುತ್ತಿದ್ದ ಬಸ್ ಡ್ರೈವರ್ ಅಪ್ಪ. "ಹಾರೋದು ಕೈಕೊಟ್ರೂ ಕೈಯಲ್ಲೊಂದು ಡಿಗ್ರಿ ಇರತ್ತೆ."

"ಬಸ್ ಓಡಿಸೋಕೆ ನೀವ್ಯಾವ ಡಿಗ್ರಿ ಮಾಡಿದ್ರಿ?" ಅಮ್ಮ ಸೌಟು ಹಿಡಿದೇ ಕೇಳುತ್ತಿದ್ದಳು. "ಹಾರಾಟದ ಶಾಲೆಗೆ ಹಾಕಿ. ಸೇರಿದ ಕೂಡ್ಲೇ ವಿಮಾನದೊಳಗೆ ಕೂರಿಸ್ತಾರಂತೆ. ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಬೋರ್ಡ್ ಮೇಲೆ ವಿಮಾನ ನೋಡ್ತಾ ಕೂತ್ರೆ ಇವಳಿಗೆ ರೆಕ್ಕೆ ಬರತ್ತಾ?"

ಮಗಳ ಜೀವವೆಲ್ಲ ಅಮ್ಮನ ಮಾತಿನ ಕಡೆಗೇ ಇತ್ತು. ಅಮ್ಮನೇ ಗೆದ್ದಳು. ಅಪ್ಪ ಮುಖ ಊದಿಸಿಕೊಂಡರೂ, ಹಾರಾಟದ ಶಾಲೆಗೆ ಸೇರಲು ಬೇಕಾದ ವೈದ್ಯಕೀಯ ಪರೀಕ್ಷೆಯ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಗಳ ಜೊತೆ ಹೊರಟ.

ಕಣ್ಣು, ಕಿವಿ, ಎದೆ ಎಲ್ಲ ಸರಿಯಿತ್ತು. ಡಾಕ್ಟರಮ್ಮ ಕೊನೆಯದಾಗಿ ಕೇಳಿದರು: "ಚಿಕ್ಕಂದಿನಲ್ಲಿ ಯಾವತ್ತಾದ್ರೂ ಫಿಟ್ಸ್ ಬಂದಿತ್ತಾ?"

"ಇಲ್ಲ," ಎಂದಳು ಮಗಳು, ನಗುತ್ತಲೇ.

ಅಪ್ಪ ಕೆಮ್ಮಿದ. ಕುರ್ಚಿಯಲ್ಲಿ ಸರಿದು ಕುಳಿತ. "ಬಂದಿತ್ತು ಡಾಕ್ಟ್ರೇ. ಏಳೆಂಟು ವರ್ಷದವಳಿದ್ದಾಗ. ಒಂದ್ಸಲ ಅಲ್ಲ. ಆಮೇಲೆ ಮಾತ್ರೆಯಿಂದ ನಿಂತ್ಹೋಯ್ತು. ಜ್ವರ ಅಂತ ಹೇಳಿ ಇವಳಿಂದ ಮುಚ್ಚಿಟ್ವಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹಾಗಿದ್ರೆ ಪೈಲಟ್ ಆಗೋಕಾಗಲ್ಲಮ್ಮ. ಬೇರೆ ಕಡೆ ಹೋದ್ರೂ ಇದನ್ನೇ ಹೇಳ್ತಾರೆ."

ಬಸ್ ನಿಲ್ದಾಣದವರೆಗೂ ಅವಳು ಅಪ್ಪನಿಗಿಂತ ಮುಂದೆ ಮುಂದೆ ನಡೆದಳು. ಅಲ್ಲಿ ಕಟ್ಟೆಯ ಮೇಲೆ ಕುಸಿದು ಕುಳಿತು ಕೇಳಿದಳು: "ಸುಮ್ನಿದ್ದಿದ್ರೆ ಏನಾಗ್ತಿತ್ತಪ್ಪ? ಅವರಿಗೆ ಗೊತ್ತೇ ಆಗ್ತಿರ್ಲಿಲ್ಲ."

"ಸುಮ್ನಿರೋಣ ಅಂತಾನೇ ಬಂದಿದ್ದೆ ಪುಟ್ಟಿ." ಅಪ್ಪ ಅವಳ ಪಕ್ಕ ಕುಳಿತ. "ವಿಮಾನದಲ್ಲಿ ನಿನ್ನ ಬೆನ್ನ ಹಿಂದೆ ಜನ ಕೂತಿರೋದು ಕಣ್ಣಿಗೆ ಕಟ್ಟಿಬಿಡ್ತು. ತಡ್ಕೊಳ್ಳೋಕಾಗ್ಲಿಲ್ಲ."

ಅವನು ಹೇಳಿದ್ದು ತಪ್ಪೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಕ್ಷಮಿಸಲು ಮನಸ್ಸೂ ಬರಲಿಲ್ಲ. ಅಮ್ಮನಂತೂ ಅವನೊಡನೆ ಮಾತೇ ಬಿಟ್ಟಳು. ಆದರೆ ಮುಚ್ಚಿಟ್ಟದ್ದರಲ್ಲಿ ಅವಳದೂ ಪಾಲಿತ್ತಲ್ಲ, ಮಗಳಿಗೆ ಬಡಿಸುವಾಗ ತಲೆಯೆತ್ತುತ್ತಿರಲಿಲ್ಲ.

ವಿಶ್ವವಿದ್ಯಾಲಯದ ವಿಮಾನಯಾನ ಪದವಿಗೆ ಆ ಪರೀಕ್ಷೆಯ ಹಂಗಿರಲಿಲ್ಲ. ಅಪ್ಪ ಓಡಾಡಿ ಸೀಟು ಮಾಡಿಸಿದ. ಬೇಡವೆಂದರೆ ಮುಂದೇನು ಎಂದು ಹೊಳೆಯದೆ ಅವಳು ಹೋದಳು.

ಮೊದಲ ದಿನ ಮೇಷ್ಟ್ರು, "ಪೈಲಟ್ ಆಗೋರೆಲ್ಲ ಕೈಯೆತ್ತಿ," ಎಂದರು. ತರಗತಿಗೆ ತರಗತಿಯೇ ಕೈಯೆತ್ತಿತು. ಅವಳು ಎರಡೂ ಕೈಗಳನ್ನು ತೊಡೆಯ ಮೇಲೆ ಒತ್ತಿಟ್ಟುಕೊಂಡಿದ್ದಳು.

"ಮತ್ತೆ ನೀನ್ಯಾಕೆ ಬಂದೆ?" ಪಕ್ಕದವಳು ಪಿಸುಗುಟ್ಟಿದಳು.

"ಅಪ್ಪ ಸೇರಿಸಿದ್ರು," ಎಂದಳು.