ಸೌಮ್ಯ ಟೀಚರ್ ಅಕ್ಷರ

ತಮಿಳುನಾಡಿನ ಗಡಿಯಲ್ಲಿರುವ ತಳಿ ಎಂಬ ಊರಿನ ಹತ್ತಿರದ ಕನ್ನಡ ಶಾಲೆಯಲ್ಲಿ ಸೌಮ್ಯ ಒಂದನೇ ತರಗತಿಯ ಟೀಚರ್. ಮಕ್ಕಳಿಗೆಂದು ಅವಳು ಗೋಡೆಯ ಮೇಲೆ ಬರೆದಿದ್ದ ವರ್ಣಮಾಲೆ ಊರಿಗೆಲ್ಲ ಮೆಚ್ಚುಗೆಯಾಗಿತ್ತು. ಹೊಟ್ಟೆ ಉಬ್ಬಿಸಿಕೊಂಡ ಬ, ಒಂದು ಕಡೆ ವಾಲಿದ ಗ, ಈಗಷ್ಟೇ ಕುಣಿದು ನಿಂತಂತಿದ್ದ ಳ.

2007ರಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಫ್ಲೆಕ್ಸ್ ಮಾಡಿಸಲು ಹೊಸೂರಿಗೆ ಹೋದಳು. ಅಂಗಡಿಯ ನಂದೀಶ್ ಅವಳ ಊರಿನವನೇ. ಕಂಪ್ಯೂಟರಿನಲ್ಲಿದ್ದ ನಾಲ್ಕು ಕನ್ನಡ ಫಾಂಟುಗಳನ್ನು ತೋರಿಸಿದ. ಒಂದೂ ಅವಳಿಗೆ ಹಿಡಿಸಲಿಲ್ಲ.

"ನಿಮ್ ಗೋಡೆ ಅಕ್ಷರಾನೇ ಬರ್ಕೊಡಿ ಅಕ್ಕ, ಫಾಂಟ್ ಮಾಡ್ಬುಡ್ತೀನಿ," ಎಂದ.

ಎರಡು ತಿಂಗಳ ಭಾನುವಾರಗಳೆಲ್ಲ ಅದಕ್ಕೇ ಹೋದವು. ಕಾಗುಣಿತ, ಒತ್ತಕ್ಷರ ಒಂದನ್ನೂ ಬಿಡದೆ ಬ್ರಷ್ಷಿನಲ್ಲಿ ಬರೆದುಕೊಟ್ಟಳು. ವಾರ್ಷಿಕೋತ್ಸವದ ಫ್ಲೆಕ್ಸ್ ಕಂಡು ಮಕ್ಕಳು ಕುಣಿದಾಡಿದರು. ಆಮೇಲೆ ಆ ಅಕ್ಷರ ಬೇಕರಿಯ ಬೋರ್ಡಿಗೂ ಬಂತು, ನಾಮಕರಣದ ಫ್ಲೆಕ್ಸಿಗೂ ಬಂತು. ಬಸ್ಸಿನಿಂದ ಅದನ್ನು ಕಂಡಾಗಲೆಲ್ಲ ಸೌಮ್ಯ ಒಳಗೊಳಗೇ ಹಿಗ್ಗುತ್ತಿದ್ದಳು.

ಮರುವರ್ಷ ಒಂದು ಬೆಳಿಗ್ಗೆ ಬಸ್ಸಿಳಿದವಳು ಅಲ್ಲೇ ನಿಂತುಬಿಟ್ಟಳು. ಊರಿನ ಹಿರಿಯಳು ದೊಡ್ಡಮುನಿಯಮ್ಮ ತೀರಿಕೊಂಡಿದ್ದಳು. ನಿಲ್ದಾಣದ ಎದುರು ಕಟ್ಟಿದ್ದ ಫ್ಲೆಕ್ಸಿನಲ್ಲಿ, ಅವಳ ಫೋಟೋದ ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂಬ ಸಾಲು ಸೌಮ್ಯಳ ಅಕ್ಷರದಲ್ಲೇ ಕುಣಿಯುತ್ತಿತ್ತು. ಅವಳು ಅಲ್ಲಿಂದಲೇ ನಂದೀಶನಿಗೆ ಫೋನ್ ಮಾಡಿದಳು.

"ಸಾವಿಗೆ ಆ ಅಕ್ಷರ ಹಾಕ್ತಾರೇನೋ?"

"ನಾನು ಬ್ಯಾಡ ಅಂದೆ ಅಕ್ಕ. ಮಗನೇ ಇದು ಬೇಕು ಅಂತ ಪಟ್ಟು ಹಿಡಿದ್ರು."

ಸಂಜೆ ಸಾವಿನ ಮನೆಗೆ ಹೋದಳು. ಮಗ ಮುನಿಕೃಷ್ಣಪ್ಪ ಜಗಲಿಯ ಮೇಲೆ ಕೂತಿದ್ದ.

"ತಪ್ಪಾಯ್ತಣ್ಣ. ಬೇರೆ ಫ್ಲೆಕ್ಸ್ ಮಾಡಿಸಿಕೊಡ್ತೀನಿ," ಎಂದಳು.

"ಯಾಕವ್ವ? ನಮ್ಮಮ್ಮ ಎಂಬತ್ತು ವರ್ಸ ನಗಾಡ್ಕೊಂಡೇ ಬದುಕಿದೋಳು. ಫೋಟೋದಾಗೂ ಹಲ್ಲು ಬಿಟ್ಕೊಂಡವ್ಳೆ. ಅವಳ ಮ್ಯಾಲೆ ಸಣಕಲು ಅಕ್ಷರ ಚೆಂದಾಗಿರ್ತಿತ್ತಾ?"

ಒಳಗಿನಿಂದ ಅವನ ಚಿಕ್ಕಮ್ಮ ರಾಮಕ್ಕ ಕೂಗಿದಳು: "ನಿಂಗೆ ಚೆಂದ! ನೆಂಟರೆಲ್ಲ ಹೋಟ್ಲು ಬೋರ್ಡಂಗದೆ ಅಂತ ಆಡ್ಕೊಂಡ್ರು. ನಂಗಂತೂ ತಲೆ ಎತ್ತಾಕಾಗ್ಲಿಲ್ಲ."

"ಆಡ್ಕೊಳ್ಳಲಿ ಬುಡು," ಎಂದ ಮುನಿಕೃಷ್ಣಪ್ಪ. ಆದರೆ ಅವನ ದನಿ ಸ್ವಲ್ಪ ಕುಗ್ಗಿತ್ತು.

ಇಬ್ಬರ ಮಾತೂ ಸೌಮ್ಯಳಿಗೆ ಸರಿಯೆನಿಸಿತು. ಕಾಫಿ ಕುಡಿದು ಮನೆಗೆ ಬಂದಳು. ಮುಂದಿನ ಭಾನುವಾರ ಸಣ್ಣ ಬ್ರಷ್ ಹಿಡಿದು, ಯಾವ ಅಕ್ಷರವೂ ವಾಲದಂತೆ, ನೆಟ್ಟಗೆ, 'ಅ'ದಿಂದ ಮತ್ತೆ ಶುರು ಮಾಡಿದಳು. ಕೈಗೆ ಅದು ಒಗ್ಗಲು ಮೂರು ವಾರ ಹಿಡಿಯಿತು.

ನಂದೀಶ್ ಅದನ್ನೂ ಫಾಂಟ್ ಮಾಡಿದ. ಆಮೇಲೆ ಸಾವಿನ ಫ್ಲೆಕ್ಸಿಗೆ ಬಂದವರಿಗೆ ಎರಡು ಫಾಂಟನ್ನೂ ತೋರಿಸಿ ಯಾವುದು ಬೇಕೆಂದು ಕೇಳುತ್ತಿದ್ದ. ಹೆಚ್ಚಿನವರು ನೆಟ್ಟಗಿನದನ್ನೇ ಆರಿಸುತ್ತಿದ್ದರು.