ಮೂರನೇ ಮಹಡಿಯ ವಾಸನೆ

ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ಯಾವ ಪೈಪು ಎಲ್ಲಿ ತಿರುಗುತ್ತದೆ ಅಂತ ಮೇಸ್ತ್ರಿಗೆ ಕಣ್ಣು ಕಟ್ಟಿದರೂ ಗೊತ್ತು. ಹದಿನೆಂಟು ವರ್ಷದಿಂದ ಅಲ್ಲಿನ ನಲ್ಲಿ, ಕಕ್ಕಸು, ಮೋರಿ ಎಲ್ಲ ಅವನದೇ ಸುಪರ್ದಿ. ಅಂಥವನು ಇರುವಾಗಲೇ ಮೂರನೇ ಮಹಡಿಯಲ್ಲಿ ಒಂದು ತಿಂಗಳಿಂದ ಮೋರಿ ವಾಸನೆ. ಹಲ್ಲು ಡಾಕ್ಟರ ಹತ್ತಿರ ಬಂದವರು ಬಾಯಿ ತೆರೆಯುವ ಬದಲು ಮೂಗು ಮುಚ್ಚಿಕೊಳ್ಳುತ್ತಿದ್ದರು.

ಮೇಸ್ತ್ರಿ ಮಾಡದ ಪ್ರಯತ್ನವಿಲ್ಲ. ನೆಲದ ಜಾಲರಿಗಳಿಗೆಲ್ಲ ನೀರು ಸುರಿದ, ಕಮೋಡು ಕಿತ್ತು ಮತ್ತೆ ಕೂರಿಸಿದ, ಕೆಳಗಿನ ಚೇಂಬರಿಗೂ ಇಳಿದು ಬಂದ. ವಾಸನೆ ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಇನ್ನು ಕಾಯಕ್ಕಾಗಲ್ಲ ಮೇಸ್ತ್ರಿ," ಅಂದ ಮ್ಯಾನೇಜರ್. "ಡಾಕ್ಟರು ಖಾಲಿ ಮಾಡ್ತೀನಿ ಅಂತಿದಾರೆ. ಹೊಗೆ ಬಿಟ್ಟು ಹುಡುಕೋರನ್ನ ಕರೆಸ್ತಿದೀನಿ. ಅವರು ಹಿಡಿದ್ರೆ ಈ ಬಿಲ್ಡಿಂಗ್ ಕೆಲಸಾನೂ ಅವರಿಗೇ."

ಹಿತ್ತಲ ಗಿಡ ಮದ್ದಲ್ಲವಲ್ಲ ಅಂತ ಮೇಸ್ತ್ರಿ ಹಲ್ಲು ಕಡಿದ. ಮಾರನೆಯ ಬೆಳಿಗ್ಗೆ ಬಿಳಿ ವ್ಯಾನಿನಿಂದ ಇಳಿದವನನ್ನು ನೋಡಿದಾಗಂತೂ ಹೊಟ್ಟೆಗೆ ಬೆಂಕಿ ಬಿತ್ತು. ಬಂದವನು ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಸ್ಪ್ಯಾನರ್ ಹಿಡಿಯಲು ಕಲಿಸಿದ್ದೇ ಮೇಸ್ತ್ರಿ. ಈಗ ಅವನಿಗೆ ಸ್ವಂತ ವ್ಯಾನು, ಸ್ವಂತ ಮೆಷಿನ್ನು, ಮಾವನ ಮನೆಯಲ್ಲಿ ಮೊದಲ ಮಣೆ. ಮೂರು ವರ್ಷದ ಹಿಂದೆ ಪ್ರವಾಸದಿಂದ ಬಂದ ಅತ್ತೆ ಕಿರಿ ಅಳಿಯನಿಗೆ ಬಂಗಾರದ ಬಣ್ಣದ ವಾಚು ತಂದಿದ್ದಳು. ಹಿರಿ ಅಳಿಯನಿಗೆ ಹಳದಿ ಅಂಚಿನ ಹಸಿರು ಟವೆಲ್ಲು. ಆ ವಾಚು ಎದುರಿಗೆ ಬಂದಾಗಲೆಲ್ಲ ಮೇಸ್ತ್ರಿ ಮುಖ ಆ ಕಡೆ ತಿರುಗಿಸುತ್ತಿದ್ದ.

"ಚೆನ್ನಾಗಿದೀರಾ ಭಾವ?" ಅಂದ ಷಡ್ಡಕ. ವಾಚು ಬಿಸಿಲಿಗೆ ಫಳ್ ಅಂತು.

"ನಿನ್ನಷ್ಟಿಲ್ಲ."

ಷಡ್ಡಕ ತಾರಸಿಯ ಮೇಲಿನ ಗಾಳಿಕೊಳವೆಗಳ ಬಾಯಿ ಕಟ್ಟಿ, ಕೆಳಗಿನಿಂದ ಪೈಪಿಗೆ ಹೊಗೆ ಊದಿಸಿದ. ಎಲ್ಲಿ ತೂತಿದೆಯೋ ಅಲ್ಲಿ ಹೊಗೆ ಹೊರಬರಬೇಕು. "ಎಷ್ಟೊತ್ತಾಗುತ್ತೆ?" ಅಂತ ಮ್ಯಾನೇಜರ್ ಕೇಳಿದಾಗ ಜೇಬಿನಿಂದ ಫೋನು ತೆಗೆದು ನೋಡಿ, "ಅರ್ಧ ಗಂಟೆ ಸಾರ್," ಅಂದ. ಕೈಯಲ್ಲಿ ವಾಚು ಇಟ್ಟುಕೊಂಡು ಫೋನು ಬೇರೆ ತೋರಿಸಬೇಕಾ, ಎಂಥಾ ಧಿಮಾಕು ಅಂತ ಮೇಸ್ತ್ರಿ ಕುದಿದ. ಹೊಗೆ ಎಲ್ಲೂ ಬರದಿರಲಿ, ಮೆಷಿನ್ನು ಸುಟ್ಟು ಹೋಗಲಿ ಅಂತ ಬೇಡಿಕೊಂಡ.

ಹೊಗೆ ಬಂತು. ಡಾಕ್ಟರ ರೂಮಿನ ಕಪಾಟಿನ ಹಿಂದಿನಿಂದ ಎಳೆಎಳೆಯಾಗಿ ಬಂತು.

ಆಗ ಮೇಸ್ತ್ರಿಗೆ ಎಲ್ಲ ನೆನಪಾಯಿತು. ಅಲ್ಲಿದ್ದ ಹಳೇ ಸಿಂಕು ಕಿತ್ತವನು ಅವನೇ. ಟವೆಲ್ಲು ಸಿಕ್ಕಿದ ಮಾರನೆಯ ದಿನ ಅದು. ಅತ್ತೆಯ ಪ್ರೀತಿಗೆ ಇದೇ ಸರಿಯಾದ ಜಾಗ ಅಂತ ಟವೆಲ್ಲನ್ನು ಸುರುಳಿ ಸುತ್ತಿ ಪೈಪಿನ ಬಾಯಿಗೆ ತುರುಕಿದ್ದ. ನಾಳೆ ಮುಚ್ಚಳ ಹಾಕಿದರಾಯಿತು ಅಂದುಕೊಂಡಿದ್ದ. ಆ ನಾಳೆ ಇವನಿಗಿಂತ ಮೊದಲು ಬಡಗಿ ಬಂದು ಅದರ ಮುಂದೆ ಕಪಾಟು ನಿಲ್ಲಿಸಿ ಹೋದ. ಮುಚ್ಚಳದ ವಿಷಯ ಅಲ್ಲಿಗೇ ಮರೆತು ಹೋಯಿತು. ಮೂರು ವರ್ಷ ವಾಸನೆ ತಡೆದಿದ್ದ ಟವೆಲ್ಲು ಈಗ ಕೊಳೆತಿರಬೇಕು.

ಕಪಾಟು ಸರಿಸಿ ಷಡ್ಡಕ ಇಕ್ಕಳದಿಂದ ಎಳೆದ. ಕೊಳೆತು ಕಪ್ಪಾದ ಬಟ್ಟೆಯ ಮುದ್ದೆ ಬಂತು, ಹಸಿರು ಅಲ್ಲಲ್ಲಿ, ಹಳದಿ ಅಂಚು ಮಾತ್ರ ಹಾಗೇ ಇತ್ತು.

"ಯಾರ ಕೆಲಸ ಇದು?" ಮ್ಯಾನೇಜರ್ ಗುಡುಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ಮೇಸ್ತ್ರಿಯ ಕೈ ತಾನಾಗಿ ಹೆಗಲಿಗೆ ಹೋಯಿತು.

ಷಡ್ಡಕ ಆ ಅಂಚು ನೋಡಿದ, ಭಾವನ ಮುಖ ನೋಡಿದ. ಅತ್ತೆ ಅದನ್ನು ಕೊಟ್ಟಾಗ ಅವನೂ ಪಕ್ಕದಲ್ಲೇ ಕೂತಿದ್ದ.

"ಯಾವುದೋ ಕಾಲದ ಬಟ್ಟೆ ಸಾರ್, ಕಟ್ಟಿದೋರು ಬಿಟ್ಟಿರಬೇಕು," ಅಂದ. "ಈ ಗೋಡೆ ಮೇಲೆ ಅನುಮಾನ ಅಂತ ಭಾವನೇ ಹೇಳಿದ್ದು. ಇಲ್ದಿದ್ರೆ ನಂಗೆಲ್ಲಿ ಹೊಳೀಬೇಕು?"

ಮ್ಯಾನೇಜರ್ ಮುಖ ಅರಳಿತು. "ಹಂಗಾ? ಹಾಗಾದ್ರೆ ಮೇಸ್ತ್ರಿ, ಬಿಲ್ಡಿಂಗ್ ನಿಮ್ ಕೈಲೇ ಇರಲಿ."

ಬದುಕಿದೆ ಅನ್ನಬೇಕಿತ್ತು ಮೇಸ್ತ್ರಿ. ಬದಲಿಗೆ ಮೈಯೆಲ್ಲ ಉರಿಯಿತು. ವಾಚು ಅವನಿಗೆ, ವ್ಯಾನು ಅವನಿಗೆ, ಈಗ ದೊಡ್ಡತನವೂ ಅವನಿಗೇ. ತನ್ನ ಅನ್ನ ಅವನು ಹಾಕಿದ ಭಿಕ್ಷೆ!

"ಅದು ನನ್ನ ಟವೆಲ್ಲು," ಅಂದುಬಿಟ್ಟ. "ತುರುಕಿದ್ದು ನಾನೇ. ಅವನು ಸುಳ್ಳು ಹೇಳ್ತಿದಾನೆ."

ಮ್ಯಾನೇಜರ್ ಕೈ ಚಾಚಿದ. ಮೇಸ್ತ್ರಿ ಪೈಪಿನ ಕಿಂಡಿಗಳ ಬೀಗದಕೈ ಗೊಂಚಲು ಜೇಬಿನಿಂದ ತೆಗೆದು ಕೊಟ್ಟು ಮೆಟ್ಟಿಲಿಳಿದ. ಹದಿನೆಂಟು ವರ್ಷದಲ್ಲಿ ಆ ಜೇಬು ಇಷ್ಟು ಹಗುರವಾಗಿದ್ದು ಅದೇ ಮೊದಲು.

ಷಡ್ಡಕ ವ್ಯಾನಿನ ಹತ್ತಿರ ಓಡಿಬಂದ. "ಯಾಕ್ ಭಾವ ಹೇಳಿದ್ರಿ? ಮುಚ್ಚಿ ಹೋಗ್ತಿತ್ತಲ್ಲ."

"ಎಲ್ಲಾನೂ ನಿನಗೇ ಸಿಗಬೇಕಾ? ಆ ವಾಚು ಸಾಲದಾ?"

ಷಡ್ಡಕ ತಬ್ಬಿಬ್ಬಾಗಿ ಕೈ ನೋಡಿಕೊಂಡ. "ಇದಾ? ಇದು ಎರಡನೇ ವಾರಕ್ಕೇ ನಿಂತೋಯ್ತು ಭಾವ. ಅತ್ತೆ ನೊಂದ್ಕೋತಾರೆ ಅಂತ ಕಟ್ಕೊಂಡು ತಿರುಗ್ತಿದೀನಿ."

ಮೇಸ್ತ್ರಿ ಮೊದಲ ಸಲ ಆ ವಾಚನ್ನು ನೆಟ್ಟಗೆ ನೋಡಿದ. ನೆತ್ತಿಯ ಮೇಲೆ ಸೂರ್ಯನಿದ್ದ. ವಾಚಿನಲ್ಲಿ ನಾಲ್ಕೂ ಹತ್ತು.