ತಡೆಪಟ್ಟಿಯ ಗಂಟು

ಆಸ್ಪತ್ರೆಗಳ ಬಟ್ಟೆ ಒಗೆದುಕೊಡುವ ಆ ಲಾಂಡ್ರಿಯಲ್ಲಿ ದೊಡ್ಡ ಇಸ್ತ್ರಿ ಯಂತ್ರಕ್ಕೆ ಹೆಂಗಸರು ಇಟ್ಟ ಹೆಸರು ಅತ್ತೆ. ಯಾವಾಗ ನೋಡಿದರೂ ಕಾದಿರುತ್ತಾಳೆ, ಎಷ್ಟು ಕೊಟ್ಟರೂ ಸಾಲದು ಅನ್ನುತ್ತಾಳೆ ಎಂಬುದು ಅವರ ವಿವರಣೆ. ಎರಡು ಬಿಸಿ ಉರುಳೆಗಳ ನಡುವೆ ಒದ್ದೆ ಹಾಸು ಒಳಹೋದರೆ ಆಚೆ ಕಡೆ ಒಣಗಿ ಗರಿಗರಿಯಾಗಿ ಬರುತ್ತದೆ. ಉರುಳೆಗಳ ಬಾಯಿಯ ಮುಂದೆ ಉದ್ದಕ್ಕೂ ಒಂದು ಕಬ್ಬಿಣದ ತಡೆಪಟ್ಟಿ. ಬೆರಳು ತಾಗಿ ಅದು ಚೂರು ಮೇಲೆದ್ದರೂ ಯಂತ್ರ ನಿಲ್ಲಬೇಕು.

ಮೂರು ತಿಂಗಳಿಗೊಮ್ಮೆ ಒಂದು ವಿಭಾಗದವರು ಇನ್ನೊಂದು ವಿಭಾಗದ ಸುರಕ್ಷತಾ ತಪಾಸಣೆ ಮಾಡುವುದು ಅಲ್ಲಿನ ಪದ್ಧತಿ. ಈ ಸಲದ ಸರದಿ ಹರಿದ ಬಟ್ಟೆ ಹೊಲಿಯುವ ಅಕ್ಕನದು. ನೋಡಬೇಕಾದದ್ದು ಅವಳ ಒಡಹುಟ್ಟಿದ ತಂಗಿ ದುಡಿಯುವ ಇಸ್ತ್ರಿ ವಿಭಾಗ. ತಂಗಿಯ ಕೆಲಸ ಮುಂದಿನ ತಿಂಗಳು ಕಾಯಂ ಆಗುವುದರಲ್ಲಿತ್ತು.

ಆ ದಿನ ಯಂತ್ರ ನಿಲ್ಲಿಸಿ, ಒರೆಸಿ, ಅತ್ತೆಯನ್ನೇ ಮದುಮಗಳ ಹಾಗೆ ಸಿಂಗರಿಸಿಟ್ಟಿದ್ದರು. ಅಕ್ಕ ನಮೂನೆ ಹಿಡಿದು ಒಂದೊಂದೇ ಸಾಲು ಓದುತ್ತ ಬಂದಳು. 'ತಡೆಪಟ್ಟಿ ಇದೆಯೇ?' ಇತ್ತು. ಬರೆಯುವ ಮೊದಲು ಅವಳ ಕಣ್ಣು ಪಟ್ಟಿಯ ತುದಿಗೆ ಹೋಯಿತು. ಒರೆಸುವ ಕೈ ತಲುಪದ ಆ ಮೂಲೆಯಲ್ಲಿ ಬಟ್ಟೆಯ ಧೂಳು ಕೂತಿತ್ತು. ನಡುವೆ ಎರಡು ಬೆರಳಗಲ ಮಾತ್ರ ತಿಕ್ಕಿದಂತೆ ಹೊಳೆಯುತ್ತಿತ್ತು. ತಿರುಗಿ ನೋಡಿದರೆ ತಂಗಿಯ ಜಡೆಯ ತುದಿಯಲ್ಲಿ ಹಳದಿ ಹೂವಿನ ಬಟ್ಟೆ. ತನ್ನ ಮಗಳಿಗೆ ಗಿಡ್ಡವಾದ ಫ್ರಾಕನ್ನು ಹರಿದು, ಒರೆಸುವುದಕ್ಕೆ ಇಟ್ಟುಕೋ ಎಂದು ಅಕ್ಕನೇ ಕೊಟ್ಟದ್ದು. ಅದರ ತುಂಬ ಬಿಗಿದ ಗಂಟಿನ ಸುಕ್ಕು, ಅಂಚಿನಲ್ಲಿ ಸುಟ್ಟ ಕಲೆ.

ಅಕ್ಕ ತಂಗಿಯ ಹತ್ತಿರ ಸರಿದಳು. ಇದರಿಂದ ಪಟ್ಟಿಯನ್ನು ಕಟ್ಟಿಹಾಕುತ್ತೀಯಾ ಎಂದು ಮೆಲ್ಲಗೆ ಕೇಳಿದಳು.

"ಕಟ್ಟದಿದ್ರೆ ಅತ್ತೆ ಮಾತುಮಾತಿಗೆ ಮುನಿಸ್ಕೊಂಡು ನಿಲ್ತಾಳೆ ಅಕ್ಕ," ಎಂದಳು ತಂಗಿ. "ನೀನು 'ಇದೆ' ಅಂತ ಬರಿ ಸಾಕು. ಸುಳ್ಳೇನಲ್ವಲ್ಲ."

ಸುಳ್ಳಲ್ಲ, ನಿಜ. ಹಿಂದಿನ ನಮೂನೆಗಳಲ್ಲೆಲ್ಲ ಅದೇ ಉತ್ತರವಿತ್ತು. ಬೇರೆ ಏನಾದರೂ ಬರೆದರೆ ಕಾಯಂ ಕೆಲಸಕ್ಕೆ ಕಲ್ಲು ಬೀಳಬಹುದು. ಆದರೆ ಪೆನ್ನಿನ ಆಚೆ ಕಾಣುತ್ತಿದ್ದದ್ದು ತಂಗಿಯ ಕೈ. ಚಿಕ್ಕವಳಿದ್ದಾಗ ರಸ್ತೆ ದಾಟುವಾಗಲೆಲ್ಲ ತನ್ನ ಕಿರುಬೆರಳು ಹಿಡಿಯುತ್ತಿದ್ದ ಕೈ.

ಅಕ್ಕ ಮೇಲ್ವಿಚಾರಕನನ್ನು ಕರೆಸಿದಳು. ಪಟ್ಟಿಗೆ ಏನೂ ಕಟ್ಟದೆ, ದಿನದ ಹಾಗೆಯೇ ಒಂದು ಗಂಟೆ ಯಂತ್ರ ಓಡಿಸಬೇಕು ಎಂದಳು. ಅವನು ಗಡಿಯಾರ ನೋಡಿಕೊಂಡು, ಗೊಣಗುತ್ತ ಒಪ್ಪಿದ. ಯಂತ್ರ ಒಂಬತ್ತು ಸಲ ನಿಂತಿತು. ಪ್ರತಿ ಸಲವೂ ಅಕ್ಕ ಹಾಸನ್ನು ಬಿಡಿಸಿ ಕೈಯಾಡಿಸಿದಳು. ಒಂಬತ್ತಕ್ಕೂ ಒಂದೇ ಕಾರಣ: ಎರಡೆರಡು ಮಡಿಕೆ ಹಾಕಿ ಹೊಲಿದ ದಪ್ಪ ಅಂಚು ತಾಗಿ ಪಟ್ಟಿ ಮೇಲೇಳುತ್ತಿತ್ತು. ಇನ್ನೊಂದು ವರ್ಷ ಬಾಳಿಕೆ ಬರಲಿ ಎಂದು ಹಾಸುಗಳನ್ನು ಅಷ್ಟು ಗಟ್ಟಿಯಾಗಿ ಹೊಲಿದವಳು ಅವಳೇ.

ಅಷ್ಟರಲ್ಲಿ ಮೇಲ್ವಿಚಾರಕನಿಗೂ ಗುಟ್ಟು ತಿಳಿದಿತ್ತು. "ಕಟ್ತಿದ್ದೋರು ಯಾರು?" ಎಂದ.

"ಯಾರು ಅಂತ ಕೇಳಿದ್ರೆ ಮುಂದಿನ ಸಲ ಗಂಟನ್ನ ಇನ್ನೂ ಚೆನ್ನಾಗಿ ಬಚ್ಚಿಡ್ತೀವಿ ಸರ್," ಎಂದಳು ಅಕ್ಕ. "ಯಾಕೆ ಕಟ್ಟಿದ್ರು ಅಂತ ಕೇಳಿ. ಆ ದಪ್ಪ ಅಂಚು ನನ್ನದು."

ನಮೂನೆಯಲ್ಲೂ ಹಾಗೆಯೇ ಬರೆದಳು. 'ಇದೆಯೇ' ಎಂಬುದರ ಕೆಳಗೆ 'ಮುಟ್ಟಿದರೆ ನಿಲ್ಲುತ್ತದೆಯೇ' ಎಂದು ಒಂದು ಸಾಲು ಸೇರಿಸಿದಳು. ಅಂಚುಗಳನ್ನು ಬಿಚ್ಚಿ ಒಂಟಿ ಮಡಿಕೆಯಲ್ಲಿ ಹೊಲಿಯುವ ಅಪ್ಪಣೆಯಾಯಿತು. ತಂಗಿಯನ್ನು ಕಾಯಂ ಮಾಡುವ ಮಾತು ಮಾತ್ರ ಮುಂದಿನ ತಪಾಸಣೆಯವರೆಗೆ ಮುಂದಕ್ಕೆ ಹೋಯಿತು. ತಂಗಿ ಮಾತು ಬಿಟ್ಟಳು. ಸಂಜೆ ಗೇಟಿನ ಹತ್ತಿರ ಕಾಯದೆ ಸರಸರನೆ ಮುಂದೆ ನಡೆದುಬಿಡುತ್ತಿದ್ದಳು. ಅಕ್ಕ ಹಿಂದಿನಿಂದ ಆ ಜಡೆ ನೋಡುತ್ತ ನಡೆಯುತ್ತಿದ್ದಳು.

ಎರಡು ವಾರ ಕಳೆದಿತ್ತು. ಅಕ್ಕ ಹಾಸುಗಳ ಕೊನೆಯ ಕಟ್ಟಿನ ಅಂಚು ಬಿಚ್ಚುತ್ತಿದ್ದಾಗ ತಂಗಿ ಬಂದು ಬಾಗಿಲಲ್ಲಿ ನಿಂತಳು.

"ಅತ್ತೆ ಇವತ್ತು ಒಂದೇ ಸಲ ನಿಂತಿದ್ದು," ಎಂದಳು.

"ಎಲ್ಲೋ ಒಂದು ದಪ್ಪ ಅಂಚು ತಪ್ಪಿಸ್ಕೊಂಡಿರ್ಬೇಕು. ತಾ ಇಲ್ಲಿ, ಬಿಚ್ಚಿಕೊಡ್ತೀನಿ."

"ಅಂಚಲ್ಲ."

ತಂಗಿ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಅಕ್ಕ ಕತ್ತರಿ ಕೆಳಗಿಟ್ಟು ಎದ್ದು ಹೋಗಿ ಸೆರಗು ಬಿಡಿಸಿದಳು. ಉಗುರಿನ ಬುಡದಲ್ಲಿ ಪಟ್ಟಿ ತಾಗಿದ ಕೆಂಪು ಗೀಟು, ಅಷ್ಟೇ. ಒಂದೊಂದಾಗಿ ಐದೂ ಬೆರಳು ಮುಟ್ಟಿ ನೋಡಿದಳು, ಆಮೇಲೆ ಇನ್ನೊಮ್ಮೆ.

"ಬಿಡು ಅಕ್ಕ," ಎಂದಳು ತಂಗಿ, ಕೈಯನ್ನು ಮಾತ್ರ ಎಳೆದುಕೊಳ್ಳದೆ. "ಅತ್ತೆ ಕಾಯ್ತಿದ್ದಾಳೆ."